ಹೊಂಡಕ್ಕೆ ಹಾರಿದ್ದು

ಈಜು ಕಲಿಸುವ ಮೀನು ಮಿಸ್ ಹೊಸ ಬ್ಯಾಚಿನ ಮೊದಲ ದಿನ ತಪ್ಪದೆ ಒಂದು ಕಥೆ ಹೇಳುತ್ತಿದ್ದಳು. ಒಂಬತ್ತನೇ ವಯಸ್ಸಿನಲ್ಲಿ, ಕಲ್ಲುಗಣಿಯ ಹೊಂಡಕ್ಕೆ ಬಿದ್ದ ಮೂರು ವರ್ಷದ ತಮ್ಮನನ್ನು ತಾನು ಹಾರಿ ಎತ್ತಿದ ಕಥೆ. ಆಗ ಈಜು ಬರುತ್ತಿರಲಿಲ್ಲ. ಒಂದು ಕೈಯಲ್ಲಿ ಅಂಚಿನ ಕಲ್ಲು, ಇನ್ನೊಂದರಲ್ಲಿ ತಮ್ಮನ ಅಂಗಿ. ನೀರಿಗೆ ಹೆದರಿ ಈಜುಕೊಳದ ಕಂಬಿಗೆ ಅಂಟಿಕೊಂಡ ಮಕ್ಕಳು ಅದನ್ನು ಕೇಳಿ ಒಬ್ಬೊಬ್ಬರಾಗಿ ಕೈ ಬಿಡುತ್ತಿದ್ದರು. ಹನ್ನೆರಡು ವರ್ಷದಿಂದ ಆ ಕಥೆ ಕೈಕೊಟ್ಟಿರಲಿಲ್ಲ.

ಈ ಸಲ ಅಕ್ಕ ತನ್ನ ಮಗಳನ್ನು ಸೇರಿಸಲು ಬಂದಿದ್ದಳು. ತರಗತಿಗೆ ಇನ್ನೂ ಅರ್ಧ ಗಂಟೆ ಇತ್ತು. ಹೊಸ ಮ್ಯಾನೇಜರು ಆ ಕಥೆಯನ್ನೇ ನಾಲ್ಕು ಸಾಲಿನಲ್ಲಿ ಬರೆಸಿ, ಮೀನುವಿನ ಫೋಟೊ ಸಮೇತ ಕೌಂಟರಿನ ಪಕ್ಕ ನೇತುಹಾಕಿದ್ದರು. ಅಕ್ಕ ಕನ್ನಡಕ ಏರಿಸಿ ಓದಿ, ನಕ್ಕಳು.

“ಇದೇನೇ, ನನ್ನ ಕಥೆಗೆ ನಿನ್ನ ಫೋಟೊ ಹಾಕಿದಾರೆ?”

“ನಿನ್ನ ಕಥೆ ಅಂದ್ರೆ?”

“ಹಾರಿದ್ದು ನಾನಲ್ವಾ. ನೀನು ಬಂಡೆ ಮೇಲೆ ನಿಂತು ಕಿರುಚ್ತಾ ಇದ್ದೆ.” ಇಷ್ಟು ಹೇಳಿ ಅಕ್ಕ ಅರ್ಜಿಯಲ್ಲಿ ಮಗಳ ರಕ್ತದ ಗುಂಪು ತುಂಬತೊಡಗಿದಳು.

“ತಲೆ ಕೆಟ್ಟಿದ್ಯಾ? ಅಪ್ಪ ನಂಗೆ ಮೀನು ಅಂತ ಹೆಸರಿಟ್ಟಿದ್ದೇ ಅದಕ್ಕೆ.”

“ಅದು ನೀನು ಪಾಪು ಇದ್ದಾಗಿನ ಹೆಸರು. ನಿದ್ದೇಲೂ ಕಣ್ಣು ಅರ್ಧ ತೆರ್ಕೊಂಡಿರ್ತಿದ್ದೆ, ಮೀನಿನ ಥರ. ಹೊಂಡಕ್ಕೂ ಅದಕ್ಕೂ ಏನೇ ಸಂಬಂಧ? ಇಲ್ಲಿ ಸಹಿ ಎರಡು ಕಡೆ ಬೇಕಾ?”

ಮೀನುವಿಗೆ ಮೈ ಉರಿಯಿತು. ಅಕ್ಕ ಜಗಳಕ್ಕೆ ನಿಂತಿದ್ದರೆ ಜಗಳವಾಡಬಹುದಿತ್ತು. ಅವಳೋ ಸೆರಗಿನ ಧೂಳು ಕೊಡವಿದಂತೆ ಕೊಡವಿಬಿಟ್ಟಳು. “ಹೋಗ್ಲಿ ಬಿಡೆ, ನೀನೇ ಇಟ್ಕೊ. ನಂಗೇನಾಗ್ಬೇಕು ಅದ್ರಿಂದ.”

ಕೇಳೋಣವೆಂದರೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ತಮ್ಮನಿಗೆ ಫೋನ್ ಮಾಡಿದಳು. ಅವನ ವೆಲ್ಡಿಂಗ್ ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು.

“ಹೊಂಡದಿಂದ ನಿನ್ನ ಎತ್ತಿದ್ದು ಯಾರೋ?”

“ನೀನೇ.”

ಹೋದ ಜೀವ ಬಂದಂತಾಯಿತು. “ನಿಂಗೆ ನೆನಪಿದ್ಯಾ?”

“ನಂಗೆಲ್ಲಿಂದ ನೆನಪು? ನೀನು ಹೇಳಿ ಹೇಳಿ ಬಾಯಿಪಾಠ ಆಗಿದೆ. ಯಾಕೆ, ಈಗ ವಾಪಸ್ ಹಾಕ್ತೀಯಾ?” ಅವನು ನಕ್ಕ.

ಮೀನು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಅಷ್ಟು ಸಲ ಹೇಳಿದ್ದಳೇ ಹೊರತು ಒಮ್ಮೆಯೂ ಆ ನೆನಪನ್ನು ನಿಂತು ನೋಡಿರಲಿಲ್ಲ. ಹಸಿರು ನೀರು ಕಂಡಿತು. ತೇಲುವ ಒಂದು ಚಪ್ಪಲಿ ಕಂಡಿತು. ಅಂಚಿನ ಕಲ್ಲು ತಬ್ಬಿದ ಹುಡುಗಿಯ ಬೆನ್ನು, ಅದಕ್ಕೆ ಅಂಟಿದ ಒದ್ದೆ ಫ್ರಾಕು, ಅವಳ ಹೆಗಲ ಮೇಲಿಂದ ನೆಟ್ಟಗೆ ತನ್ನತ್ತ ನೋಡುವ ತಮ್ಮನ ಮುಖ. ತಾನೇ ಹಾರಿದ್ದರೆ ತನ್ನ ಬೆನ್ನು ತನಗೆ ಹೇಗೆ ಕಂಡಿತು? ಹಲ್ಲು ಕಚ್ಚಿ ಆ ನೀರಿನ ಚಳಿಯನ್ನಾದರೂ ನೆನೆಯಲು ನೋಡಿದಳು. ನೆನಪಿಗೆ ಬಂದ ಚಳಿಗೆ ಕ್ಲೋರಿನ್ ವಾಸನೆಯಿತ್ತು.

ಹದಿನಾರರಲ್ಲಿ ಈಜು ತಂಡ ಸೇರಿದ್ದು, ತನ್ನ ಮೇಲೆ ಕೈ ಎತ್ತುತ್ತಿದ್ದ ಗಂಡನ ಮನೆಯಿಂದ ಒಂದೇ ಚೀಲ ಹಿಡಿದು ಹೊರಟದ್ದು, ಎಲ್ಲವನ್ನೂ ಅವಳು ಮಾಡಿದ್ದು ತಾನು ಹೊಂಡಕ್ಕೆ ಹಾರಿದವಳು ಎಂಬ ಧೈರ್ಯದ ಮೇಲೆ. ಬಂಡೆಯ ಮೇಲೆ ನಿಂತು ಕಿರುಚಿದವಳು ಅದನ್ನೆಲ್ಲ ಮಾಡುತ್ತಿದ್ದಳೇ? ಇದನ್ನು ಯಾರನ್ನು ಕೇಳುವುದು?

ಹೊರಗೆ ಬಂದಾಗ ಅಕ್ಕ ಅವಳ ಗಂಟುಮುಖ ನೋಡಿದಳು. “ನೀನು ಕಿರುಚಿದ್ದಕ್ಕೇ ನಾನು ತಿರುಗಿ ನೋಡಿದ್ದು. ಅದೇನು ಕಮ್ಮಿನಾ?”

“ಸಮಾಧಾನ ಮಾಡ್ಬೇಡ.”

“ಇನ್ನೇನು ಮಾಡ್ಲಿ? ನಾನು ಅಂದ್ರೂ ಕೋಪ, ನೀನೇ ಅಂದ್ರೂ ಕೋಪ.”

ನಾಲ್ಕು ಗಂಟೆಗೆ ಹನ್ನೊಂದು ಮಕ್ಕಳು ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಡುಗುತ್ತಿದ್ದರು. ದಡದ ಬೆಂಚಿನಿಂದ ಒಬ್ಬ ತಾಯಿ ಕೂಗಿದಳು: “ಮಿಸ್, ಆ ಕಥೆ ಹೇಳಿ. ನಮ್ಮ ದೊಡ್ಡವನಿಗೂ ಅದ್ರಿಂದಾನೇ ಭಯ ಹೋಗಿದ್ದು.”

“ನಂಗೆ ಒಂಬತ್ತು ವರ್ಷ,” ಎಂದು ಮೀನು ಶುರುಮಾಡಿದಳು. “ತಮ್ಮ ಹೊಂಡಕ್ಕೆ ಬಿದ್ದ. ತುಂಬಾ ಆಳ ಇತ್ತು. ಆಗ…”

ತಾನಾಗಿ ಬರುತ್ತಿದ್ದ ‘ಹಾರಿದೆ’ ಈ ಸಲ ಬರಲಿಲ್ಲ. ‘ಹಾರಿದಳು’ ಎನ್ನಲು ನಾಲಿಗೆ ಸುತರಾಂ ಒಪ್ಪಲಿಲ್ಲ.

“ಹಾರಿದ್ದಾಯ್ತು,” ಎಂದಳು. “ಅವನನ್ನ ಎತ್ತಿದ್ದೂ ಆಯ್ತು.”

ಕಚೇರಿಯ ವರದಿಯಂತಿತ್ತು. ಒಬ್ಬರೂ ಕಂಬಿ ಬಿಡಲಿಲ್ಲ.

“ಯಾರು ಹಾರಿದ್ದು, ಚಿಕ್ಕಮ್ಮ?” ಅಕ್ಕನ ಮಗಳು ಕೇಳಿದಳು.

“ಕಾಲು ಬಡಿ.”

“ಯಾರು ಅಂತ ಹೇಳಿ, ಆಮೇಲೆ ಬಡೀತೀನಿ.”

ಮೀನು ಕೆನ್ನೆ ಉಬ್ಬಿಸಿ ಸೀಟಿ ಊದಿದಳು. ಬೆಂಚಿನ ಮೇಲಿದ್ದ ಅಕ್ಕ ಫೋನಿನಿಂದ ತಲೆಯೆತ್ತಿ, ಏನಾಯಿತೆಂಬಂತೆ ಒಮ್ಮೆ ನೋಡಿ, ಮತ್ತೆ ಫೋನಿನತ್ತ ತಲೆ ತಗ್ಗಿಸಿದಳು.