ನೊರೆ ಆರುವ ಮುನ್ನ

ತಿಕೋಟಾದ ಗುರಣ್ಣನ ಮನೆಯ ಎಮ್ಮೆ ಅವನ ಹೆಂಡತಿ ರಾಚವ್ವನ ತವರಿನದು. ಕನಮಡಿಯಿಂದ ಅವಳ ಅಣ್ಣ ಹೊಡೆದುಕೊಂಡು ಬಂದು ಕಟ್ಟಿ ಹೋದದ್ದು. ಆದರೆ ಅದರ ಬೆಳಗಿನ ಹಾಲು ಅವಳ ಒಲೆ ಕಂಡಿರಲಿಲ್ಲ. ಸಿದ್ದರಾಯ ಪೈಲವಾನ ಗರಡಿಯಿಂದ ಮೈತುಂಬ ಕೆಂಪು ಮಣ್ಣಿನಲ್ಲೇ ಬರುತ್ತಿದ್ದ. ಗುರಣ್ಣ ತಂಬಿಗೆ ತುಂಬ ಹಿಂಡಿ ಕೊಡುತ್ತಿದ್ದ. ನೊರೆ ಆರುವ ಮುನ್ನ ಆತ ನಿಂತಲ್ಲೇ ಒಂದೇ ದಮ್ಮಿಗೆ ಕುಡಿದು ತಂಬಿಗೆ ಬೋರಲು ಹಾಕುತ್ತಿದ್ದ. ಅದನ್ನು ನೋಡಲೆಂದೇ ನಾಲ್ಕು ಮಂದಿ ಕಟ್ಟೆಗೆ ಬಂದು ಕೂಡುತ್ತಿದ್ದರು.

ತಾನು ಜ್ವರದಲ್ಲಿ ಬಿದ್ದಾಗಲೂ ಗಂಡ ಮೊದಲು ತಂಬಿಗೆ ಹಿಡಿದು ಹೋದದ್ದನ್ನು ರಾಚವ್ವ ಮರೆತಿರಲಿಲ್ಲ. ಒಂದು ದಿನ, ಒಂದೇ ದಿನ, ಮೊದಲ ಹಾಲು ತನಗೆ ಕೊಡಲಿ ಎಂದು ಕಾಯುತ್ತಿದ್ದಳು.

ಅರವತ್ನಾಲ್ಕನೇ ಇಸವಿಯಲ್ಲಿ ಬಬಲೇಶ್ವರದ ಕುಸ್ತಿಯಲ್ಲಿ ವಿಜಾಪುರದ ಜೋರಾಪುರ ಪೇಟೆಯ ಹುಡುಗನೊಬ್ಬ ಸಿದ್ದರಾಯನನ್ನು ಕೆಡವಿದ. ಅದೇ ಕಣದಲ್ಲಿ ತಿಕೋಟಾದ ಎಳೆ ಪೈಲವಾನ ಅಮೋಘಿ ಗೆದ್ದ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಅದೇ ಮಾತು.

"ವಿಜಾಪುರದಾಗ ಸಿದ್ದರಾಯ ಆ ಸಾಂಗಲಿಯವನ್ನ ಎತ್ತಿ ಒಗದಾಗ ಮಂದಿ ರುಮಾಲ ಹಾರಿಸಿದ್ರು," ಎಂದ ಧೂಳಪ್ಪ.

"ನಿನ್ನ ರುಮಾಲ ಇನ್ನೂ ಕೆಳಗ ಬಂದಿಲ್ಲ," ಎಂದ ರಾಯಪ್ಪ. "ಆದ್ರ ಎರಡ ವರ್ಷ ಆತು, ಏಳೂಮುಂದ ನೆಲಕ್ಕ ಕೈ ಊರತಾನ. ನಾವ ಕಂಡೂ ಕಾಣದಂಗ ಇದ್ವಿ."

"ಊರಲಿ," ಎಂದ ಗುರಣ್ಣ. "ಅವನ ಹಿಡತ ಯಾರ್ಯಾರ ಬಿಡಿಸಿಕೊಂಡಾರ?"

"ನಿನ್ನಿ ಆ ಪೋರ ಬಿಡಿಸಿಕೊಂಡನಲ್ಲೋ."

ಬಾಗಿಲ ಹಿಂದೆ ರೊಟ್ಟಿ ಬಡಿಯುತ್ತಿದ್ದ ರಾಚವ್ವ ಸೆರಗಿನಲ್ಲಿ ನಕ್ಕಳು.

ಹಾಲು ಹಿಂಡಿ ಮುಗಿಯುವಾಗ ಸಿದ್ದರಾಯ ಬಂದ. ಮೈಮೇಲೆ ಮಣ್ಣಿರಲಿಲ್ಲ, ಒಗೆದ ಅಂಗಿಯಿತ್ತು. ಗುರಣ್ಣ ಚಾಚಿದ ತಂಬಿಗೆಯನ್ನು ಮುಟ್ಟದೆ ಬಾಗಿಲ ಕಡೆ ತಿರುಗಿ ಹೇಳಿದ: "ಅಕ್ಕಾರ, ನನಗ ಇನ್ನ ಹಾಲ ಬ್ಯಾಡ್ರಿ. ಗರಡಿ ಬಿಟ್ಟೆ."

ರಾಚವ್ವ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. ಗಂಡ ಈಗ ಒಳಗೆ ಬರುತ್ತಾನೆ ಎಂದುಕೊಂಡಳು.

"ನೊರಿ ಆರಾಕತ್ತೈತಿ," ಎಂದ ರಾಯಪ್ಪ. "ಅಮೋಘಿನ್ನ ಕರೀಲೇನು?"

"ಕರಿ," ಎಂದ ಗುರಣ್ಣ. ಮನೆಯತ್ತ ತಿರುಗಿ ಕೂಡ ನೋಡಲಿಲ್ಲ.

ರಾಚವ್ವ ಹೊರಗೆ ಬಂದು ಅವನ ಕೈಯಿಂದ ತಂಬಿಗೆ ಕಿತ್ತುಕೊಂಡಳು. "ಎಮ್ಮಿ ನನ್ನ ತವರಿಂದು," ಎಂದವಳೇ ಅಷ್ಟು ಗಂಡಸರ ಮುಂದೆ ಹೊಸ್ತಿಲ ಮೇಲೆ ನಿಂತು ಕುಡಿಯತೊಡಗಿದಳು. ಅರ್ಧಕ್ಕೆ ಉಸಿರು ಕಟ್ಟಿತು. ಮೇಲ್ದುಟಿಯ ಮೇಲೆ ನೊರೆ ನಿಂತಿತು.

"ಅರ್ಧಕ್ಕ ಚಿತ್," ಎಂದ ಧೂಳಪ್ಪ ಮೆಲ್ಲಗೆ.

"ಮೂಗಿಲೆ ಉಸರ ತಗೋರಿ, ಅಕ್ಕಾರ," ಎಂದ ಸಿದ್ದರಾಯ. "ತಂಬಗಿ ತುಟಿಯಿಂದ ತಗೀಬ್ಯಾಡ್ರಿ."

ಇದನ್ನೂ ಇವನಿಂದಲೇ ಕಲಿಯಬೇಕಾಯಿತಲ್ಲ ಎಂದುಕೊಂಡಳು. ಆದರೂ ಹಾಗೆಯೇ ಮಾಡಿದಳು. ಕೊನೆಯ ಗುಟುಕಿನವರೆಗೂ ಕುಡಿದು, ಅವನಂತೆಯೇ ತಂಬಿಗೆ ಬೋರಲು ಹಾಕಿ, ಗಂಡನ ಕಡೆ ನೋಡಿದಳು.

ಸಿದ್ದರಾಯ ಅಷ್ಟರಲ್ಲಿ ಹೊರಟಿದ್ದ. ಓಣಿಯ ತಿರುವಿನಲ್ಲಿ ಕಾಲೆಳೆಯುತ್ತ ಹೋಗುವ ಅವನನ್ನೇ ಗುರಣ್ಣ ನೋಡುತ್ತ ನಿಂತಿದ್ದ.