ಮಸ್ತುರಾ ಅಜ್ಜಿಯ ತುಂಬಿದ ಬಟ್ಟಲು

ನಮ್ಮ ಕೋಕಂದ್ ಊರಿನಲ್ಲಿ ಅತಿಥಿಗೆ ಚಹಾ ಬಗ್ಗಿಸುವುದೆಂದರೆ ಬಟ್ಟಲ ತಳ ಮುಚ್ಚುವಷ್ಟು. ಮುಗಿದರೆ ಮತ್ತಷ್ಟು, ಅದೂ ಮುಗಿದರೆ ಇನ್ನಷ್ಟು. ಅಂಚಿನವರೆಗೆ ತುಂಬಿ ಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಎಂದು ಅರ್ಥ. ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗೊತ್ತಿಲ್ಲದವನು ಟಾಷ್ಕೆಂಟಿನಿಂದ ಬಂದ ಜಾಹೀರಾತು ಪಂಡಿತನೊಬ್ಬನೇ. ಅವನು ಹುಟ್ಟಿದ್ದು, ಓದಿದ್ದು ಎಲ್ಲ ಮಾಸ್ಕೋದಲ್ಲಿ.

ನನ್ನ ಪಕ್ಕದ ಮನೆಯ ಇಖ್ತಿಯೋರ್ ಚಹಾ ವ್ಯಾಪಾರಿ. ಹೊಸ ಪೊಟ್ಟಣಕ್ಕೆ ತಾಯಿ ಮಸ್ತುರಾ ಅಜ್ಜಿಯ ಹೆಸರಿಟ್ಟ. ಇಡಬೇಕಾದದ್ದೇ, ಅಜ್ಜಿಯ ಮನೆಯಲ್ಲಿ ಜನವಿಲ್ಲದ ಮಧ್ಯಾಹ್ನವನ್ನು ನಾನು ಕಂಡಿರಲಿಲ್ಲ. ಜಾಹೀರಾತಿಗೆಂದು ಇಖ್ತಿಯೋರ್ ಕರೆಸಿದ್ದ ಆ ಪಂಡಿತ ಅಜ್ಜಿಯ ಫೋಟೊ ತೆಗೆಯುವಾಗ ಆಕೆ ಪದ್ಧತಿಯಂತೆ ಒಂದು ಗುಟುಕು ಬಗ್ಗಿಸಿದಳು. "ಜಿಪುಣತನ ಕಾಣುತ್ತೆ" ಎಂದು ಅವನು ಆಮೇಲೆ ಕಂಪ್ಯೂಟರಿನಲ್ಲಿ ಬಟ್ಟಲು ತುಂಬಿಸಿದ. ಇಖ್ತಿಯೋರ್ ತನ್ನ ಪೊಟ್ಟಣ ದೊಡ್ಡದಾಗಿ ಕಾಣುತ್ತಿದೆಯೇ ಎಂದಷ್ಟೇ ನೋಡಿದ.

ಬಜಾರಿನ ಎದುರು ಜಾಹೀರಾತು ಹಲಗೆ ಎದ್ದಿತು: ನಗುವ ಅಜ್ಜಿ, ತುಳುಕುವ ಬಟ್ಟಲು, ಕೆಳಗೆ "ಎಲ್ಲರಿಗೂ ಸ್ವಾಗತ!" ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಹಾ ಮಾತ್ರ ಅಂಗಡಿಯಲ್ಲಿ ನಿಲ್ಲಲಿಲ್ಲ. ಬಂದು ಬೇರು ಬಿಟ್ಟ ಭಾವಮೈದುನನ ಮುಂದೆ ಅದೇ ಚಿತ್ರವಿದ್ದ ಪೊಟ್ಟಣ ಇಟ್ಟರೆ ಸಾಕು, ತಾನೇ ಟೊಪ್ಪಿ ಹುಡುಕಿಕೊಳ್ಳುತ್ತಿದ್ದ. ಪಂಡಿತನಿಗೆ ಬಹುಮಾನವೂ ಬಂತು.

ಆದರೆ ಅಜ್ಜಿಯ ಮನೆಗೆ ಜನ ಬರುವುದು ನಿಂತಿತು. ಬೈದರೆ ಮರೆಯುತ್ತೇವೆ, ತುಂಬಿದ ಬಟ್ಟಲನ್ನು ಮರೆಯುವ ಜನ ನಾವಲ್ಲ. ನಾನೊಬ್ಬ ಹೋಗುತ್ತಿದ್ದೆ, ನನಗೆ ಮಾನ ಮರ್ಯಾದೆ ಸ್ವಲ್ಪ ಕಡಿಮೆ. ಆದರೆ ಒಬ್ಬನಿಂದ ಮನೆ ತುಂಬುತ್ತದೆಯೇ?

"ಆ ಹಲಗೆ ಇಳಿಸಪ್ಪ," ಎಂದು ಅಜ್ಜಿ ಮಗನನ್ನು ಬೇಡಿಕೊಂಡಳು. "ಪಕ್ಕದ ಬೀದಿ ಸಲೋಮತ್ ನನ್ನ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗ್ತಾಳೆ."

"ಇಳಿಸೋದಾ? ಮಾರಾಟ ಹೆಂಗಿದೆ ನೋಡಮ್ಮ! ನಿಂಗೆ ಜನ ತಾನೆ ಬೇಕು? ತರ್ತೀನಿ ಬಿಡು."

ತಂದ. ಮುಂದಿನ ಗುರುವಾರ ಸಲೋಮತ್ ಸಮೇತ ಕೇರಿಯ ಹೆಂಗಸರೆಲ್ಲ ರೇಷ್ಮೆ ತೊಟ್ಟು ಬಂದರು. ಅಜ್ಜಿ ಕಣ್ಣೊರೆಸಿಕೊಂಡಳು. ಅಂಗಳದಲ್ಲಿ ಹಂಡೆ ಪಲಾವು ಏರಿಸಿ, ಬೆಂಕಿ ನೋಡಲು ನನ್ನನ್ನು ಕೂರಿಸಿದಳು. ಒಬ್ಬೊಬ್ಬರಿಗೂ ಗುಟುಕು ಗುಟುಕಾಗಿ ಚಹಾ ಬಗ್ಗಿಸಿದಳು. ಮೂಲೆಯಲ್ಲಿದ್ದ ಕ್ಯಾಮೆರಾ ಕಂಡರೂ ಅವಳಿಗೆ ಅದರ ಗೊಡವೆ ಇರಲಿಲ್ಲ.

"ಆಯ್ತು!" ಎಂದ ಪಂಡಿತ. ಹೆಂಗಸರು ಒಟ್ಟಿಗೇ ಎದ್ದರು.

"ಅಯ್ಯೋ, ಎಲ್ಲಿಗ್ರೇ? ಪಲಾವು ಇನ್ನೂ ದಮ್ಮಲ್ಲಿದೆ!"

"ನಮ್ ಕೆಲ್ಸ ಇಷ್ಟೇ ಅಂದಿದ್ರು, ಅಜ್ಜಿ," ಎಂದು ಸಲೋಮತ್ ಮುಖ ತಪ್ಪಿಸಿ, ಬಾಗಿಲಲ್ಲಿ ಇಖ್ತಿಯೋರನಿಂದ ಕೂಲಿ ಇಸಿದುಕೊಂಡು ಹೋದಳು. ಉಳಿದವರೂ ಸಾಲಾಗಿ ಇಸಿದುಕೊಂಡರು.

ಬಟ್ಟಲುಗಳಲ್ಲಿ ಚಹಾ ಹಾಗೇ ಇತ್ತು. ಕುಡಿದರೆ ತುಟಿಬಣ್ಣ ಕೆಡುತ್ತದೆಂದು ಪಂಡಿತ ಮೊದಲೇ ಹೇಳಿದ್ದನಂತೆ. ನನಗೆ ಮೈಯೆಲ್ಲ ಉರಿಯಿತು. ಇಖ್ತಿಯೋರನ ಕೆನ್ನೆಗೆ ಎರಡು ಬಿಡೋಣವೆಂದು ಸೌಟು ಕೆಳಗಿಟ್ಟು ಎದ್ದೆ. ಅಷ್ಟರಲ್ಲಿ ಅಜ್ಜಿ ಮಗನ ತೋಳು ಹಿಡಿದುಕೊಂಡಳು.

"ನಾಳೆನೂ ಶೂಟಿಂಗ್ ಇದ್ಯೇನಪ್ಪ?"