ಅಜ್ಜಯ್ಯನ ಮೀಸೆ

"ಮೀಸೆ ಮೇಲಕ್ಕೆ ತಿರುವ್ಲಾ ಬೋಳಿಮಗನೆ! ನಾನೇ ಹೇಳ್ತಾ ಇಲ್ವೇನ್ಲಾ?"

ಪಟೇಲ ಶಿವನಂಜಪ್ಪ ಗದರಿದರೂ ಸೋಮಯ್ಯ ಮೀಸೆಗೆ ಕೈ ಹಾಕಲಿಲ್ಲ. ಹಿಂದಿನ ಸುಗ್ಗಿಯಲ್ಲಿ ಮೀಸೆಯ ತುದಿ ಒಂಚೂರು ಮೇಲೆದ್ದಿದೆ ಎಂದು ಇದೇ ಪಟೇಲ ಇದೇ ಕಣದಲ್ಲಿ ಅವನನ್ನು ಬಿಸಿಲಿಗೆ ಬಗ್ಗಿಸಿ ನಿಲ್ಲಿಸಿದ್ದ.

"ಆಮ್ಯಾಕೆ ಒಡೀಬ್ಯಾಡಿ ಬುದ್ಧಿ," ಎಂದು ಮಾತು ತೆಗೆದುಕೊಂಡೇ ಸೋಮಯ್ಯ ತಿರುವಿದ.

ಪಟೇಲ ಶಾಲೆಯ ಮಕ್ಕಳಿಗೆಂದು ಚಿತ್ರದ ಪುಸ್ತಕ ಮಾಡಿಸುತ್ತಿದ್ದ. ಅವನ ತಾತ ಗುರುಮಲ್ಲಪ್ಪ ನಮ್ಮೂರ ಕೆರೆ ಕಟ್ಟಿದ ಚರಿತ್ರೆ. ತಾಲ್ಲೂಕು ಬೋರ್ಡಿನ ಚುನಾವಣೆ ಹತ್ತಿರ ಬಂದಿತ್ತು, ಅದು ಬೇರೆ ಮಾತು. ತಾತನ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಮೈಸೂರಿನಿಂದ ಬಂದ ಡ್ರಾಯಿಂಗ್ ಮೇಷ್ಟ್ರು ಪಟೇಲನ ಕೈಗೇ ಗುದ್ದಲಿ ಕೊಟ್ಟು ನಿಲ್ಲಿಸಿ ನೋಡಿದರು. ಹೊಟ್ಟೆ ಅಡ್ಡ ಬಂತು. ಆಗ ಹುರುಳಿ ಬಡಿಯುತ್ತಿದ್ದ ನಮ್ಮ ಸೋಮಯ್ಯ ಅವರ ಕಣ್ಣಿಗೆ ಬಿದ್ದ.

ಪಟೇಲ ಹಳೇ ಜರಿ ರುಮಾಲನ್ನು ದೂರದಿಂದ ಎಸೆದ. ಸೋಮಯ್ಯ ಸುತ್ತಿಕೊಂಡ. ಮೇಷ್ಟ್ರು ವಿಭೂತಿ ಕೇಳಿದಾಗ ಮಾತ್ರ ಪಟೇಲ ಹೌಹಾರಿದ.

"ಅವನ ಹಣೆಗೆ ಬೇಡಿ ಸ್ವಾಮಿ. ಕಾಗದದ ಮೇಲೇ ಬಳಕೊಳ್ಳಿ!"

ಪುಸ್ತಕ ದಸರಾ ಹೊತ್ತಿಗೆ ಬಂತು. ಸರಸ್ವತಿ ಪೂಜೆಯ ದಿನ ಅದನ್ನು ಚಾವಡಿ ಪಕ್ಕದ ಬಸವಣ್ಣನ ಗುಡಿಯೊಳಗೆ ಬಿಡಿಸಿಟ್ಟು ಹೂ ಏರಿಸಿದರು. ನಾವು ಕೇರಿಯವರು ಎಂದಿನಂತೆ ಆಚೆ, ಬೇವಿನ ಮರದಡಿ ನಿಂತಿದ್ದೆವು. ಅಲ್ಲಿಂದಲೂ ಚಿತ್ರ ನಿಚ್ಚಳವಾಗಿ ಕಾಣುತ್ತಿತ್ತು. ಜರಿ ರುಮಾಲು, ವಿಭೂತಿ, ಕೈಯಲ್ಲಿ ಗುದ್ದಲಿ, ಮುಗಿಲಿಗೆ ಮುಖ ಮಾಡಿದ ಮೀಸೆ. ಪೂಜಾರಿ ಅದಕ್ಕೆ ಕರ್ಪೂರ ಬೆಳಗಿದ.

"ಅಯ್, ನಮ್ ಸೋಮ ಕಣ್ರಲಾ!" ಎಂದ ದೇವಯ್ಯ.

"ಸದ್ ಮಾಡ್ಬ್ಯಾಡ್ರಲಾ," ಎಂದ ಸೋಮಯ್ಯ, ಕೈಕಟ್ಟಿ ನೆಟ್ಟಗೆ ನಿಂತು. "ನಂಗೆ ಮಂಗಳಾರತಿ ಆಯ್ತಾ ಅದೆ."

ನಮ್ಮ ನಗು ಗುಡಿಯ ಒಳಗೆ ಹೋಯಿತು. ನಾವು ಹೋಗುವ ಹಾಗಿರಲಿಲ್ಲ, ನಗು ಹೋಯಿತು.

ಮಾರನೆಯ ದಿನ ಪಟೇಲ ಸೋಮಯ್ಯನನ್ನು ಚಾವಡಿಗೆ ಕರೆಸಿದ. "ಸಂಜೆ ಒಳಗೆ ಮೀಸೆ ಬೋಳಿಸ್ಬೇಕು. ಇಲ್ದಿದ್ರೆ ನಿನ್ ಗುಡಿಸಲು ಕಿತ್ತಾಕಿಸ್ತೀನಿ. ಅದು ನನ್ನ ಜಾಗ ಅನ್ನೋದು ಗೊತ್ತಲ್ಲ?"

"ಬೋಳಿಸ್ಕತೀನಿ ಬುದ್ಧಿ. ಆದ್ರೆ ಬೋಳಿಸೋರ್ಯಾರು?"

ಕ್ಷೌರದ ಚಾಮಯ್ಯ ಕೇರಿಯವರನ್ನು ಮುಟ್ಟುತ್ತಿರಲಿಲ್ಲ. ನಮ್ಮ ಗಡ್ಡ ನಾವು ನಾವೇ ಕೆರೆದುಕೊಳ್ಳುತ್ತಿದ್ದೆವು. ಪಟೇಲ, ಸೋಮಯ್ಯನ ಜೊತೆ ಬಂದಿದ್ದ ದೇವಯ್ಯನ ಕಡೆ ತಿರುಗಿ, "ನೀನೇ ಬೋಳಿಸ್ಲಾ," ಎಂದ.

ದೇವಯ್ಯ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. "ಅಜ್ಜಯ್ನೋರ ಮೀಸೆ ಬುದ್ಧಿ! ನೆನ್ನೆ ತಾನೆ ಪೂಜೆ ಆಗದೆ. ನಾವ್ ಮುಟ್ಟುದ್ರೆ ಮೈಲಿಗೆ ಆಗಾಕಿಲ್ವ?"

ಪಟೇಲನಿಗೆ ಬೇರೆ ದಾರಿ ಉಳಿಯಲಿಲ್ಲ. ಚಾಮಯ್ಯನಿಗೆ ಕರೆ ಹೋಯಿತು. ಅವನು ಹಡಪ ಬಿಚ್ಚುತ್ತಾ ಗೊಣಗಿದ: "ನಾಳೆ ನಿಮ್ ಗಡ್ಡಕ್ಕೂ ಇದೇ ಕತ್ತಿ ಕಣ್ ಬುದ್ಧಿ."

"ಬಾಯ್ ಮುಚ್ಕೊಂಡು ಮಾಡೋ!"

ಚಾವಡಿ ಮುಂದಿನ ಕ್ಷೌರದ ಕಲ್ಲಿನ ಮೇಲೆ ಕೇರಿಯವನೊಬ್ಬ ಕೂತಿದ್ದು ಅದೇ ಮೊದಲು. ಚಾಮಯ್ಯ ಸೋಮಯ್ಯನ ಕೆನ್ನೆಗೆ ನೀರು ಹಚ್ಚಿದ. ಊರೂ ಕೇರಿಯೂ ನೋಡಲು ನೆರೆದಿತ್ತು.

ನಮ್ಮ ಕೇರಿಗೆಲ್ಲ ಹಿರಿಯಳಾದ ಕೆಂಪಾಜಮ್ಮ ಕೋಲೂರಿಕೊಂಡು ಮುಂದೆ ಬಂದಳು.

"ಸೋಮಂದೊಂದೇ ಬೋಳಿಸುದ್ರೆ ಆದದಾ ಬುದ್ಧಿ? ನಾನು ಚಿಕ್ಕೋಳು, ಕೆರೆಗೆ ಮಣ್ ಒರ್ತಿದ್ದೆ. ನಿಮ್ ತಾತ್ನೋರ್ನ ಕಣ್ಣಾರೆ ಕಂಡಿವ್ನಿ. ಒತ್ತು ಮುಳುಗುದ್ರೆ ಕೇರಿ ಕಡೀಕೇ ಬತ್ತಿದ್ರು. ಬ್ಯಾಡ ಅನ್ನೋಕೆ ನಮ್ಮೆಂಗಸ್ರಿಗೆ ಬಾಯೆಲ್ಲಿತ್ತು? ಅವರ್ ಮೂಗು, ಅವರ್ ಕಣ್ಣು ನಮ್ಮಲ್ಲಿ ಏಸೋ ಮಕದ ಮ್ಯಾಲವೆ."



ದೇವಯ್ಯ ಹೋಗಿ ಸೋಮಯ್ಯನ ಹಿಂದೆ ಕುಕ್ಕರುಗಾಲಲ್ಲಿ ಕೂತ. "ನಂದೂ ವಸಿ ನೋಡಪ್ಪ ಚಾಮಣ್ಣ, ಓಲ್ತದೇನೊ." ಅವನ ಹಿಂದೆ ದೊಡ್ಡಬೀರಯ್ಯ ಕೂತ. ನಾನೂ ಕೂತೆ. ಕೇರಿಯ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಬಂದು, ಗಲ್ಲ ಉಜ್ಜಿಕೊಳ್ಳುತ್ತಾ ಕೂತರು.

"ಸಾಕು, ಎದ್ದೋಗ್ರಲೇ ಬೇವರ್ಸಿಗಳ!"

"ಅದೆಂಗಾದದು ಬುದ್ಧಿ, ನೀರಚ್ಚಿ ಆಗದೆ," ಎಂದು ಸೋಮಯ್ಯ ಕಣ್ಣು ಮುಚ್ಚಿ ಮುಖವನ್ನು ಇನ್ನಷ್ಟು ಮೇಲೆತ್ತಿದ.

ಚಾಮಯ್ಯನ ಕತ್ತಿ ಗಾಳಿಯಲ್ಲೇ ನಿಂತಿತು. ಆಮೇಲೆ ಹೆಂಗಸರೂ ಬಂದು ಸಾಲಿನಲ್ಲಿ ಕೂತರು. ಅಷ್ಟರಲ್ಲಿ ಸಾಲು ಬೇವಿನ ಮರ ದಾಟಿ ಗುಡಿಯನ್ನು ಮುಟ್ಟಿತ್ತು. ಕೊನೆಗೆ ಬಂದ ದೇವಯ್ಯನ ಹೆಂಡತಿ ಮರಮ್ಮ ಅತ್ತಿತ್ತ ನೋಡಿ, ಗುಡಿಯ ಮೆಟ್ಟಿಲ ಮೇಲೆ ಕೂತಳು.

"ಏಯ್! ಅಲ್ಲಿಂದ ಏಳೇ!" ಪಟೇಲ ಕಿರುಚಿದ.

ಮರಮ್ಮ ಸೆರಗು ಸರಿಮಾಡಿಕೊಂಡಳು.

"ಸಾಲು ಕಣ್ ಬುದ್ಧಿ. ಪಾಳಿ ಬರೋಗಂಟ ಕುಂತಿರ್ತೀನಿ."